ಮಾಮಾ ನೀರು ಕೇಳಲು ಹೋದದ್ದು

ನಮ್ಮ ಮಾಮಾನಷ್ಟು ಊರು ಸುತ್ತಿದವರು ಆಗಿನ ಕಾಲಕ್ಕೆ ಟಿಕೋಟಾದಲ್ಲಿ ಇನ್ನೊಬ್ಬರಿರಲಿಲ್ಲ. ಪುಣೆ ನೋಡಿದ್ದ, ಸೊಲ್ಲಾಪುರ ನೋಡಿದ್ದ, ಧಾರವಾಡ, ಮಿರಜ ಎಲ್ಲ ನೋಡಿದ್ದ. ಆದರೆ ಅಲ್ಲಿ ಏನು ನೋಡಿದೆ ಎಂದು ಕೇಳಿದರೆ ಗುಡಿ ಹೇಳುತ್ತಿರಲಿಲ್ಲ, ಪೇಟೆ ಹೇಳುತ್ತಿರಲಿಲ್ಲ. "ಬಾಗಲಾ ನೋಡೇನಿ" ಅನ್ನುತ್ತಿದ್ದ. ಬರೀ ಬಾಗಿಲು! ರೈಲು ಹತ್ತಿ ಅಷ್ಟು ದೂರ ಹೋಗಿ, ಗುರುತಿಲ್ಲದವರ ಮನೆಯ ಬಾಗಿಲು ನೋಡಿ ಬರುವ ಮನುಷ್ಯನಿಗೆ ಏನೆನ್ನುತ್ತೀರಿ? ನಮ್ಮಪ್ಪ ಏನೋ ಒಂದು ಅನ್ನುತ್ತಿದ್ದರು. ಅದು ಹೆಂಡತಿಯ ಅಣ್ಣನ ಬಗ್ಗೆ ಆಡಿದ ಮಾತಾದ್ದರಿಂದ ಇಲ್ಲಿ ಬರೆಯುವುದು ಸರಿಯಲ್ಲ.

ವಿಷಯ ಇಷ್ಟೇ. ದೊಡ್ಡ ಊರಿನವರಿಗೆ ಸೊಕ್ಕು ಜಾಸ್ತಿ ಎಂಬುದು ನಮ್ಮ ಕಡೆ ಎಲ್ಲರೂ ಆಡುವ ಮಾತು. ಉಳಿದವರು ಆಡಿ ಸುಮ್ಮನಾಗುತ್ತಿದ್ದರು. ಮಾಮಾ ಮಾತ್ರ ಅದನ್ನು ಪರೀಕ್ಷೆ ಮಾಡಿಯೇ ನೋಡಬೇಕೆಂದು ಹೊರಟ. ನಮ್ಮಲ್ಲಿ ಬಿಸಿಲಲ್ಲಿ ಯಾರು ಬಾಗಿಲಿಗೆ ಬಂದರೂ ಮೊದಲು ಒಂದು ತಂಬಿಗೆ ನೀರು, ಒಂದು ಚೂರು ಬೆಲ್ಲ. ಯಾರು, ಎಲ್ಲಿಯವರು ಎಂದು ಕೇಳುವುದೆಲ್ಲ ಆಮೇಲೆ. ಮಾಮಾ ಊರನ್ನು ಅಳೆಯುತ್ತಿದ್ದುದು ಇದರಿಂದಲೇ. ಮಧ್ಯಾಹ್ನದ ಉರಿಬಿಸಿಲಲ್ಲಿ ಗುರುತಿಲ್ಲದ ಮನೆಯ ಮುಂದೆ ನಿಂತು "ಯವ್ವಾ, ನೀರಡಿಸೇನಿ" ಅನ್ನುವುದು, ಆಮೇಲೆ ಏನಾಗುತ್ತದೆಂದು ನೋಡುವುದು. ಅಷ್ಟೇ ಪರೀಕ್ಷೆ!

ಇದಕ್ಕೆ ಅವನದೊಂದು ಪೋಷಾಕು ಬೇರೆ ಇತ್ತು. ಬಡವನೇನಲ್ಲ ಮತ್ತೆ. ಹತ್ತು ಕೂರಿಗೆ ಎರೆಹೊಲ, ಎರಡು ಜೋಡಿ ಎತ್ತು, ಬತ್ತದ ಬಾವಿ. ಆದರೆ ಶಹರಕ್ಕೆ ಹೊರಟನೆಂದರೆ ತೂತುಬಿದ್ದ ಕಂಬಳಿ, ತಲೆಗೆ ಮಾಸಿದ ಪಟಗಾ, ಕಾಲಿಗೆ ಹುರಿಯಿಂದ ಕಟ್ಟಿದ ಕೆರ. ಅವನ ಹೆಂಡತಿ, ಟಿಕೋಟಾದ ಅತ್ತೆ, ಅಳುವುದೊಂದು ಬಾಕಿ.

"ನೋಡಿದ ಮಂದಿ ನಾ ನಿಮಗ ಕೂಳು ಹಾಕಂಗಿಲ್ಲ ಅಂತಾರ್ರೀ!"

"ಜರಿ ಧೋತರಕ್ಕ ಎಲ್ಲಾರೂ ನೀರು ಕೊಡ್ತಾರ ಬೇ. ಅದು ಧೋತರದ ಪರೀಕ್ಷಾ ಆತು, ಮನಷ್ಯಾರದಲ್ಲ."

ಪುಣೆಯಲ್ಲಿ ಒಂದು ಬಾಗಿಲಿನ ಮೇಲೆ, ಮಧ್ಯಾಹ್ನ ನಾಲ್ಕರವರೆಗೆ ಕದ ತಟ್ಟಬಾರದು ಎಂದು ಮರಾಠಿಯಲ್ಲಿ ಬರೆದಿತ್ತಂತೆ. ಮಾಮಾ ನಾಲ್ಕರವರೆಗೆ ಕಟ್ಟೆಯ ಮೇಲೆ ಕುಳಿತ. ಸರಿಯಾಗಿ ನಾಲ್ಕಕ್ಕೆ ಕದ ತಟ್ಟಿದ. ಕಿಟಕಿ ತೆರೆಯಿತು, ಕನ್ನಡಕ ಹಾಕಿದ ಮುಖವೊಂದು ಕಾಣಿಸಿತು, ಮುಂದಿನ ಓಣಿಯಲ್ಲಿ ಬಲಕ್ಕೆ ತಿರುಗಿದರೆ ನಲ್ಲಿ ಇದೆ ಎಂದು ಹೇಳಿತು, ಕಿಟಕಿ ಮುಚ್ಚಿತು. "ಪುಣೇದವ್ರು ನೀರು ಕೊಡಂಗಿಲ್ಲ, ವಿಳಾಸ ಕೊಡ್ತಾರ" ಎಂದು ಮಾಮಾ ತೀರ್ಪು ಕೊಟ್ಟ.

ಧಾರವಾಡದಲ್ಲಿ ಹಾಗಲ್ಲ. ಅಲ್ಲಿಯ ಯಜಮಾನರು ಬಲು ಸೌಜನ್ಯದಿಂದ ಕರೆದು ಕೂಡಿಸಿಕೊಂಡರಂತೆ. ಮಳೆ ಹೇಗೆ, ಬೆಳೆ ಹೇಗೆ, ಟಿಕೋಟಾದಲ್ಲಿ ಇಂಥವರು ಗೊತ್ತೇ, ಅವರ ಭಾವಮೈದುನ ಗೊತ್ತೇ ಎಂದು ಒಂದು ತಾಸು ಸಕ್ಕರೆಯಂಥ ಮಾತು. ಮಾಮಾನಿಗೆ ತಾನು ಬಂದ ಕೆಲಸವೇ ಮರೆತುಹೋಯಿತು. ಕೊನೆಗೆ ಅವರೇ ಎದ್ದು ಕೈಮುಗಿದು, "ಮತ್ತ ಬರ್ರಿ, ಮುಂದಿನ ಸಲ ಚಹಾ ಕುಡ್ಯೂಣು" ಎಂದು ಬೀಳ್ಕೊಟ್ಟರು. ಓಣಿ ದಾಟಿದ ಮೇಲೆ ನೋಡಿದರೆ ಗಂಟಲು ಒಣಗಿದ್ದು ಒಣಗಿದ ಹಾಗೇ ಇತ್ತು!

ಇಷ್ಟಾದರೆ ಯಾರದೂ ತಕರಾರಿರಲಿಲ್ಲ. ಆದರೆ ಈ ಪರೀಕ್ಷೆಯನ್ನು ಮಾಮಾ ನನ್ನ ಮದುವೆಗೂ ತಂದಿಟ್ಟ. ನಾವಿದ್ದುದು ಬಬಲೇಶ್ವರದಲ್ಲಿ, ಅಪ್ಪನದು ಅರಿವೆ ಅಂಗಡಿ. ಅವ್ವನಿಗೆ ಅಣ್ಣನ ಮಾತೆಂದರೆ ದೇವರ ಮಾತು. ಅವನು ಹೂಂ ಅನ್ನದೆ ಅಕ್ಷತೆ ಬೀಳುವಂತಿರಲಿಲ್ಲ. ಮಿರಜದ ಸಂಬಂಧ ಬಂತು, ಅವರು ನೀರು ಕೊಟ್ಟರೂ ಬೆಲ್ಲ ಕೊಡಲಿಲ್ಲವೆಂದು ಮಾಮಾ ಬಿಡಿಸಿದ. ಸೊಲ್ಲಾಪುರದ ಸಂಬಂಧ ಬಂತು. ಅವರು ನೀರು ಬೆಲ್ಲ ಎರಡೂ ಕೊಟ್ಟರು, ಆದರೆ ತಂಬಿಗೆಯ ಕೊರಳಿಗೆ ಹಗ್ಗ ಕಟ್ಟಿತ್ತಂತೆ, ಹಗ್ಗದ ಇನ್ನೊಂದು ತುದಿ ಮನೆಯೊಡತಿಯ ಕೈಯಲ್ಲಿತ್ತಂತೆ! "ಎಮ್ಮಿಗೆ ನೀರು ಕುಡಿಸಿದಂಗ ಕುಡಿಸಿದ್ರು. ನಮ್ಮ ಹುಡುಗಿ ಅಲ್ಲಿ ಬ್ಯಾಡ." ಹಗ್ಗ ಎಷ್ಟು ಉದ್ದವಿತ್ತೋ, ಇತ್ತೋ ಇಲ್ಲವೋ, ಆ ಸಂಬಂಧವೂ ಹೋಯಿತು. ನನಗೆ ಇಪ್ಪತ್ತು ತುಂಬಿತು. ಓರಗೆಯ ಗೆಳತಿಯರೆಲ್ಲ ತೊಟ್ಟಿಲು ತೂಗುತ್ತಿದ್ದರು.

ಮೂರನೆಯದು ವಿಜಾಪುರದ್ದು. ನೀವು ಈಗ ವಿಜಯಪುರ ಅನ್ನುತ್ತೀರಿ, ಆಗ ನಮ್ಮ ಬಾಯಲ್ಲಿ ವಿಜಾಪುರ. ಏಕೀಕರಣವಾಗಿ ಎರಡು ಮೂರು ವರ್ಷವಾಗಿತ್ತು, ಹುಡುಗ ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಅಪ್ಪನಿಗೆ ಕೈಗೆ ಸ್ವರ್ಗ ಸಿಕ್ಕಿತ್ತು. ಹುಡುಗ ಹೆಣ್ಣು ನೋಡಲು ಬಂದಾಗ ಗಾಬರಿಯಲ್ಲಿ ನಾನು ಅವಲಕ್ಕಿಗೆ ಎರಡು ಸಲ ಮೆಣಸಿನಕಾಯಿ ಹಾಕಿಬಿಟ್ಟಿದ್ದೆ. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಆ ಮನುಷ್ಯ ತಟ್ಟೆ ಖಾಲಿ ಮಾಡಿ, "ಛಲೋ ಆಗೇದ" ಅಂದ. ನಾನು ಅಲ್ಲಿಯೇ ಸೋತೆ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ, ಈಗ ಹೇಳಿದ್ದೇನೆ.

ಆದರೆ ವಿಜಾಪುರ! ಮಾಮಾನ ಪಟ್ಟಿಯಲ್ಲಿ ಎಲ್ಲಕ್ಕಿಂತ ಕೆಳಗಿನ ಊರು ಅದೇ. "ಗೋಲಗುಂಬಜಕ್ಕ ಇವ್ರ ಅಜ್ಜ-ಮುತ್ಯಾಂದಿರ ಮಣ್ಣು ಹೊತ್ತಂಗ ಸೊಕ್ಕು ಮಾಡ್ತಾರ" ಅನ್ನುತ್ತಿದ್ದ. ಅಲ್ಲಿ ಒಮ್ಮೆ ನೀರು ಕೇಳಿದಾಗ ಒಬ್ಬಾಕೆ ಕಂಬಳಿ ನೋಡಿ, ತಂಬಿಗೆ ಕೈಗೆ ಕೊಡದೆ, ಮೆಟ್ಟಿಲ ಮೇಲೆ ನಿಂತು ಬೊಗಸೆಗೆ ಸುರಿದಿದ್ದಳಂತೆ. ಇದೊಂದನ್ನು ಹೇಳುವಾಗ ಮಾತ್ರ ಮಾಮಾ ನಗುತ್ತಿರಲಿಲ್ಲ. ಅಲ್ಲಿಂದ ಮುಂದೆ ವಿಜಾಪುರದ ಹನಿ ನೀರು ಮುಟ್ಟಿರಲಿಲ್ಲ. ಸಂಬಂಧದ ಸುದ್ದಿ ಕೇಳಿ ಟಿಕೋಟಾದಿಂದ ಹೇಳಿ ಕಳಿಸಿದ: "ಹೊಲದಾಗಿನ ರಾಶಿ ಮುಗೀಲಿ. ಹೋಗಿ ನೋಡ್ತೇನಿ."

ನಾನು ಎರಡು ದಿನ ಊಟ ಬಿಟ್ಟೆ. ಮೂರನೆಯ ದಿನ ಅವ್ವ ಹುಟ್ಟಿದ ಮೇಲೆ ಮೊದಲ ಸಲ ಅಣ್ಣನಿಗೆ ಎದುರಾಗಿ ಒಂದು ಕೆಲಸ ಮಾಡಿದಳು. ನನ್ನನ್ನು ಕೂಡಿಸಿಕೊಂಡು ಬೀಗರಿಗೆ ಕಾಗದ ಬರೆಸಿದಳು. "ಕರಿ ಕಂಬಳಿ ಹೊತ್ತು, ಮಾಸಿದ ಪಟಗಾ ಸುತ್ತಿ, ದಪ್ಪ ಮೀಸೆಯ ಒಬ್ಬರು ಬಂದು ನೀರು ಕೇಳುವರು. ದಯಮಾಡಿ ಬೆಲ್ಲದೊಂದಿಗೆ ಕೈಗೇ ಕೊಡಬೇಕು. ನಮ್ಮ ಮಗಳ ಭವಿಷ್ಯ ಇದರಲ್ಲಿದೆ." ಈ ವರ್ಣನೆ ಜಿಲ್ಲೆಯ ಅರ್ಧ ಗಂಡಸರಿಗೆ ಹೊಂದುತ್ತದೆ ಎಂಬುದು ಬರೆಸಿದ ಅವ್ವನಿಗೂ ಹೊಳೆಯಲಿಲ್ಲ, ಬರೆದ ನನಗೂ ಹೊಳೆಯಲಿಲ್ಲ!

ಮುಂದಿನ ಮೂರು ವಾರ ಆ ಮನೆಯಲ್ಲಿ ಏನಾಯಿತೆಂಬುದನ್ನು ನನ್ನ ಗಂಡ ಮದುವೆಯಾದ ಮೇಲೆ ಹೇಳಿದ. ಅವರದು ಸಂತೆಗೆ ಹೋಗುವ ದಾರಿಯ ಓಣಿ. ಕಂಬಳಿ ಕಂಡರೆ ಸಾಕು, ಅವನ ತಾಯಿ, ಅಂದರೆ ನಮ್ಮತ್ತೆ, ತಂಬಿಗೆ ಹಿಡಿದು ಹೊರಗೆ ಓಡುತ್ತಿದ್ದರಂತೆ. ಅರಕೇರಿಯವರು ಕುಡಿದರು, ನಿಡೋಣಿಯವರು ಕುಡಿದರು, ಕುರಿ ಕಾಯುವವರು ಕುರಿ ಸಮೇತ ಬಂದರು.

"ಯಾ ಊರಣ್ಣಾ? ಟಿಕೋಟಾನ?"

"ಇಲ್ಲ ಬೇ ಯವ್ವಾ, ಅರಕೇರಿ."

ಅರಕೇರಿ ಎಂದು ಸುಳ್ಳು ಹೇಳುತ್ತಿರಬಹುದು, ಪರೀಕ್ಷೆ ಮಾಡುವವರು ನಿಜ ಹೇಳುತ್ತಾರೆಯೇ ಎಂದುಕೊಂಡು ಅತ್ತೆ ಇನ್ನೊಂದು ಚೂರು ಬೆಲ್ಲ ಕೊಡುತ್ತಿದ್ದರು. ಬೆಲ್ಲದ ಪೆಂಟೆ ಎಂಟು ದಿನಕ್ಕೆ ಮುಗಿಯಿತು. ನಲ್ಲಿಗೆ ನೀರು ಬರುತ್ತಿದ್ದುದೇ ದಿನ ಬಿಟ್ಟು ದಿನ. ಜನ್ಮದಲ್ಲಿ ಬಕೀಟು ಎತ್ತದ ನಮ್ಮ ಮಾವನವರು, ಕೋಟು ಟೊಪ್ಪಿಗೆ ಇಲ್ಲದೆ ಹೊಸ್ತಿಲು ದಾಟದವರು, ಊರ ದೊಡ್ಡ ಬಾವಿ ತಾಜ ಬಾವಡಿಯಿಂದ ಕೊಡ ಹೊತ್ತು ತಂದರು. ಕೋಟು ಟೊಪ್ಪಿಗೆ ಹಾಕಿಕೊಂಡೇ ತಂದರು ಅನ್ನಿ.

ಇತ್ತ ರಾಶಿ ಮುಗಿಯಿತು. ಬೀಗರ ಮನೆಯ ಗುರುತು ಕೇಳಲು ಮಾಮಾ ಹಿಂದಿನ ದಿನ ಬಬಲೇಶ್ವರಕ್ಕೆ ಬಂದ. ಹೆಗಲ ಮೇಲೆ ಅದೇ ಕಂಬಳಿ. ಅದನ್ನು ನೋಡುತ್ತಲೇ ಅವ್ವ ಎದ್ದು ಹೋದಳು. ಅಪ್ಪನ ಅಂಗಡಿಯಿಂದ ಹೊಸ ಜರಿ ಧೋತರ, ಕೇಸರಿ ಪಟಗಾ ತಂದು ಮುಂದಿಟ್ಟು ಅಳತೊಡಗಿದಳು.

"ನನ್ನ ಮಗಳ ಬೀಗರ ಓಣ್ಯಾಗ ಹರಕ ಕಂಬಳಿ ಹೊತ್ತು ಅಡ್ಡಾಡಬ್ಯಾಡೋ ಅಣ್ಣಾ. ಜಲ್ಮದಾಗ ಒಂದ ಸಲಾ ನನ್ನ ಮಾತು ಕೇಳು."

ಮಾಮಾ ಊರಿಗೆಲ್ಲ ಬಗ್ಗದವನು, ತಂಗಿಯ ಕಣ್ಣೀರಿಗೆ ಬಗ್ಗಿದ. ಬೆಳಿಗ್ಗೆ ಜರಿ ಧೋತರ ಉಟ್ಟು, ಮದುಮಗನ ಹಾಗೆ ಮೋಟಾರು ಹತ್ತಿ ಹೋದ. ಮೋಟಾರಿನ ಧೂಳು ಅಡಗುವವರೆಗೆ ನಾವಿಬ್ಬರೂ ಸಂತೋಷವಾಗಿ ನಿಂತಿದ್ದೆವು. ಆಮೇಲೆ ನನಗೆ ಕಾಗದ ನೆನಪಾಯಿತು.

"ಅವ್ವಾ, ಕಾಗದದಾಗ ಕಂಬಳಿ ಅಂತ ಬರಿಸಿದ್ದಿ!"

ಅವ್ವ ಹಣೆ ಬಡಿದುಕೊಂಡು ಅಲ್ಲಿಯೇ ಕುಳಿತಳು. ಆ ದಿನ ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಅಪ್ಪ ಅಂಗಡಿಯಲ್ಲಿ ಒಬ್ಬರು ಸೀರೆ ಕೇಳಿದರೆ ಲುಂಗಿ ಹರಿದುಕೊಟ್ಟರು. ನಾನು ಅವಲಕ್ಕಿ ತಿಂದವನ ಮುಖ ನೆನೆಸಿಕೊಂಡು ಹಿತ್ತಲಲ್ಲಿ ಕುಳಿತೆ. ಇನ್ನು ನಾಲ್ಕನೆಯ ಸಂಬಂಧ ಬರುವಷ್ಟು ವಯಸ್ಸು ನನಗೆ ಉಳಿದಿರಲಿಲ್ಲ.

ಸಂಜೆ ಮಾಮಾ ಬಂದ. ಮುಖ ಬಿಗಿದಿತ್ತು. ಪಟಗಾ ತೆಗೆದು ಗೂಟಕ್ಕೆ ಹಾಕಿ, ಹಾಸಿಗೆಯ ಮೇಲೆ ಕುಳಿತು ಹೇಳಿದ:

"ನೀರು ಕೊಡಲಿಲ್ಲ."

ಅವ್ವ ಸೆರಗು ಬಾಯಿಗೆ ಹಿಡಿದಳು.

"ಬಾಗಲದಾಗ ನಿಂತು ನೀರಡಿಸೇನಿ ಅಂದೆ. ಆ ಹೆಣ್ಣುಮಗಳು ನನ್ನ ಕೆಳಗಿಂದ ಮ್ಯಾಲ ನೋಡಿ, ಯಜಮಾನ್ರ, ನಿಮಗ ಚಾದಂಗಡಿ ಅದಾವ, ಅಲ್ಲಿ ಹೋಗ್ರಿ, ಇಲ್ಲಿ ಗದ್ದಲ ಮಾಡಬ್ಯಾಡ್ರಿ ಅಂದಳು. ಅಂದು, ನನ್ನ ಹಿಂದ ನಿಂತಿದ್ದ ಕುರುಬನ್ನ 'ಬಾರೋ ಅಣ್ಣಾ' ಅಂತ ಕರದು, ತಂಬಿಗಿ ಕೈಯಾಗ ಕೊಟ್ಟಳು. ಬೆಲ್ಲಾನೂ ಕೊಟ್ಟಳು. ಓಣ್ಯಾಗ ಕೇಳಿದೆ. ದಿನಾ ಹಿಂಗ ಕೊಡ್ತಾರಂತ." ಮಾಮಾ ತನ್ನ ಹಳೆಯ ಕಂಬಳಿ ಎಳೆದು ಹೆಗಲಿಗೆ ಹಾಕಿಕೊಂಡ. "ಜರಿ ಧೋತರಾ ಹೊರಗ ನಿಲ್ಲಿಸಿ ಕಂಬಳಿಗೆ ಮಾನ ಕೊಡೋ ಮನಿ ನಾ ಎಲ್ಲೂ ನೋಡಿಲ್ಲ ಬೇ ತಂಗಿ. ನಾಳೆನ ಹೋಗಿ ಮಾತು ಮುಗಿಸಿ ಬರ್ರಿ!"

ಅವ್ವ ಅತ್ತಳೋ ನಕ್ಕಳೋ ಇವತ್ತಿಗೂ ನನಗೆ ಗೊತ್ತಿಲ್ಲ. ಅಪ್ಪ ಎದ್ದು ಹೋಗಿ ಮೂರು ತಂಬಿಗೆ ನೀರು ಕುಡಿದು ಬಂದರು. ನಾನು ಅಡಿಗೆಮನೆಗೆ ಓಡಿ ಗೋಡೆಗೆ ಒರಗಿದೆ. ಎದೆಯ ಮೇಲಿನ ಕಲ್ಲು ಇಳಿಯುವುದು ಅನ್ನುತ್ತಾರಲ್ಲ, ಅದು ಇಳಿದ ಸದ್ದೇ ನನಗೆ ಕೇಳಿಸಿತು! ಮದುವೆಯ ದಿನ ಅತ್ತೆ ಮಾಮಾನನ್ನು ನೋಡಿ, ಇವರನ್ನೇ ನಾನು ಚಹದಂಗಡಿಗೆ ಅಟ್ಟಿದ್ದು ಎಂದು ನನ್ನ ಕಿವಿಯಲ್ಲಿ ಹೇಳಿ ಬೆವರಿದರು. ಕಾಗದದ ಗುಟ್ಟು ಮಾಮಾನ ಕಿವಿಗೆ ಮಾತ್ರ ಎಂದೂ ಬೀಳಲಿಲ್ಲ.

ಇಲ್ಲಿಗೆ ಮುಗಿಸಿದರೆ ಚೆನ್ನಾಗಿತ್ತು. ಆದರೆ ಇನ್ನೊಂದು ಮಾತಿದೆ. ಮದುವೆಯಾದ ಮೇಲೆ ಮಾಮಾ ಪ್ರತಿ ವಾರ ವಿಜಾಪುರದ ಸಂತೆಗೆ ಬರುತ್ತಿದ್ದ, ನಮ್ಮ ಮನೆಗೆ ಮಾತ್ರ ಒಮ್ಮೆಯೂ ಬರಲಿಲ್ಲ. ಕೇಳಿದರೆ ಎತ್ತು, ಬೀಜ, ಮೋಟಾರಿನ ಹೊತ್ತು ಎಂದು ಏನೋ ಒಂದು ನೆವ. ಐದಾರು ವರ್ಷ ಹೀಗೇ ಹೋಯಿತು. ಅಷ್ಟರಲ್ಲಿ ನಾನೂ ವಿಜಾಪುರದವಳಾಗಿದ್ದೆ. ಕೈಗೆ ಗಡಿಯಾರ ಬಂದಿತ್ತು. ಕಚೇರಿಯ ಸಾಹೇಬರ ಹೆಂಡತಿಯರ ಜೊತೆ ಓಡಾಟ, ಮಾತಿನಲ್ಲಿ ಸ್ವಲ್ಪ ನಯ.

ಒಂದು ಸಂತೆಯ ದಿನ ಆ ಹೆಂಗಸರೊಂದಿಗೆ ಹೋಗುತ್ತಿದ್ದೆ. ಬೇವಿನ ಗಿಡದ ಬುಡದಲ್ಲಿ ಮಾಮಾ ಕುಳಿತು ಬುತ್ತಿ ಬಿಚ್ಚುತ್ತಿದ್ದ. ಅದೇ ಕಂಬಳಿ. ಸಾಹೇಬರ ಹೆಂಡತಿ ಮೂಗಿಗೆ ಸೆರಗು ಹಿಡಿದು, "ಈ ಹಳ್ಳ್ಯಾವರು ಎಲ್ಲಿ ಬೇಕಾದಲ್ಲಿ ಕೂಡ್ತಾರ ನೋಡ್ರಿ" ಅಂದರು. ನಾನು ಏನು ಮಾಡಿದೆ ಗೊತ್ತೇ? ಬಳೆ ಅಂಗಡಿಯ ಕಡೆ ಮುಖ ತಿರುಗಿಸಿದೆ. ತಿರುಗಿಸುವ ಮೊದಲು ಒಂದು ಗಳಿಗೆ ಮಾಮಾನ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತ್ತು. ನಾಲ್ಕು ಹೆಜ್ಜೆ ನಡೆದು, ತಡೆಯಲಾರದೆ ಹೊರಳಿ ನೋಡಿದೆ. ಮಾಮಾ ಬುತ್ತಿ ಎತ್ತಿಕೊಂಡು, ಗಿಡದ ಆ ಬದಿಗೆ ಹೋಗಿ, ನನಗೆ ಬೆನ್ನು ಮಾಡಿ ಕುಳಿತಿದ್ದ. ನನಗೆ ಮುಜುಗರವಾಗಬಾರದೆಂದು!

ಆ ಹೆಂಗಸರಿಗೆ ಏನು ಹೇಳಿದೆನೋ ನೆನಪಿಲ್ಲ. ಓಡಿಹೋಗಿ ಅವನ ಮುಂದೆ ಮಣ್ಣಿನಲ್ಲೇ ಕುಳಿತೆ.

"ಮಾಮಾ, ನನ್ನ ಮನಿಗೆ ಒಂದ ಸಲಾನೂ ಯಾಕ ಬರಲಿಲ್ಲ?"

ಮಾಮಾ ಬುತ್ತಿಯ ರೊಟ್ಟಿ ನೋಡುತ್ತಲೇ ಹೇಳಿದ.

"ಯಾರ್ಯಾರದೋ ಮನಿ ಪರೀಕ್ಷಾ ಮಾಡಿದೆ ಯವ್ವಾ. ನಿಂದು ಮಾಡೋ ಎದಿ ನನಗಿಲ್ಲ. ನೀ ಏನರ ಒಂದೀಟು ಬದಲಾಗಿದ್ದರ, ಮುಂದ ನಾ ಯಾವ ಬಾಗಲಕ್ಕ ಹೋಗಲಿ?"

ನಾನು ಬದಲಾಗಿದ್ದೆ. ಅದು ಅವನಿಗೂ ಗೊತ್ತು, ನನಗೂ ಗೊತ್ತು. ನಡುಸಂತೆಯಲ್ಲಿ, ಸಾಹೇಬರ ಹೆಂಡತಿಯ ಎದುರಿಗೆ, ನಾನು ಜೋರಾಗಿ ಅತ್ತುಬಿಟ್ಟೆ. ಮಾಮಾ ಗಾಬರಿಯಾಗಿ, ಏನು ಮಾಡಬೇಕೋ ತಿಳಿಯದೆ, ರೊಟ್ಟಿ ಮುರಿದು ಖಾರದ ಶೇಂಗಾ ಹಿಂಡಿ ಹಚ್ಚಿ ನನ್ನ ಕೈಗಿಟ್ಟ.

"ತಿನ್ನು, ತಿನ್ನು. ನಾಪಾಸಾದವರಿಗೂ ನಾ ರೊಟ್ಟಿ ಕೊಡ್ತೇನಿ" ಅಂದ.