ಮೂರು ಬೊಟ್ಟಿನ ಪ್ರೀಮಿಯಂ ಮಾಲು

ನನ್ನ ಹೆಂಡತಿ ಶ್ವೇತ ಮನೆಯಲ್ಲೇ ಕೂತು ಆನ್‌ಲೈನ್ ವ್ಯಾಪಾರ ಮಾಡುತ್ತೇನೆ ಎಂದಾಗ ನಾನು ಬೇಡ ಎನ್ನಲಿಲ್ಲ. (ಎಂದಿದ್ದರೂ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ, ಅದು ಬೇರೆ ಮಾತು.) ಗೃಹಪ್ರವೇಶವಾಗಲಿ, ನಾಮಕರಣವಾಗಲಿ, ಬಂದ ಹೆಂಗಸರಿಗೆ ತಾಂಬೂಲದ ಜೊತೆ ಕೊಡಲು ಬ್ಲೌಸ್ ಪೀಸು ಬೇಕಷ್ಟೆ? ಅದನ್ನು ಚೆಂದದ ಕವರಿಗೆ ಹಾಕಿ, ವಾಟ್ಸಾಪಿನಲ್ಲಿ ಫೋಟೊ ಬಿಟ್ಟು ಮಾರುವ ವ್ಯಾಪಾರ. ಹೆಸರು ‘ಶ್ವೇತ ಕಲೆಕ್ಷನ್ಸ್’. ಮಾಲೀಕಳು ಅವಳು, ಮ್ಯಾನೇಜರ್ ಅವಳು, ಗಿರಾಕಿಗಳ ಹತ್ತಿರ ನಗುನಗುತ್ತಾ ಮಾತಾಡುವವಳೂ ಅವಳೇ. ನನಗೆ ಸಿಕ್ಕಿದ್ದು ಡಬ್ಬಿಗೆ ಟೇಪು ಸುತ್ತುವ ಕೆಲಸ.

ನನಗೆ ಉರಿದುಹೋಯಿತು. ನಂಜನಗೂಡಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಸ್ಟೋರ್‌ಕೀಪರ್ ನಾನು. ಲಾರಿಯಿಂದ ಇಳಿಯುವ ನಟ್ಟು ಬೋಲ್ಟನ್ನು ಬೆರಳಲ್ಲಿ ತಿರುಗಿಸಿ ಮಾಲಿನ ಜಾತಕ ಹೇಳುವವನು. ಸಪ್ಲೈಯರುಗಳು ನನ್ನ ಮೇಜಿನ ಮುಂದೆ ಕೈಕಟ್ಟಿ ನಿಲ್ಲುತ್ತಾರೆ. ಅಂಥ ಗಂಗಾಧರಸ್ವಾಮಿಯ ಕೈಗೆ ಟೇಪು!

“ಸಗಟು ಖರೀದಿ ವಿಭಾಗ ನನಗೆ ವಹಿಸು. ನಂಬಿಕಸ್ಥ ಸಪ್ಲೈಯರನ್ನು ಹುಡುಕುವುದು ಒಂದು ಶಾಸ್ತ್ರ” ಎಂದೆ.

“ವಹಿಸಿದೆ ಹೋಗಿ. ನೋಡೇಬಿಡೋಣ ನಿಮ್ಮ ಶಾಸ್ತ್ರಾನ” ಎಂದಳು.

ನನ್ನ ಶಾಸ್ತ್ರದ ಮೊದಲ ಫಲ ಗುಜರಾತಿನಿಂದ ಬಂತು. ಫೋಟೊದಲ್ಲಿ ದೇವಲೋಕದ ವಸ್ತ್ರದಂತಿದ್ದ ಕೆಂಪು ಬಟ್ಟೆಯನ್ನು ಪರೀಕ್ಷೆಗೆಂದು ಬಕೆಟ್ಟಿನಲ್ಲಿ ನೆನೆಹಾಕಿದೆ. ಅದೇ ಬಕೆಟ್ಟಿನ ತಳದಲ್ಲಿ ಅಪ್ಪನ ಮಲ್ಲು ಪಂಚೆ ಇದ್ದದ್ದು ನನಗೆ ಗೊತ್ತಿರಲಿಲ್ಲ. ನಮ್ಮಪ್ಪ ಪುಟ್ಟಬಸವಯ್ಯನವರು ಮೈತುಂಬ ವಿಭೂತಿ ಧರಿಸಿ, ಗುಲಾಬಿ ಪಂಚೆ ಉಟ್ಟು ಮಠಕ್ಕೆ ಹೋಗಿ ಬಂದರು. ಅಲ್ಲಿ ಏನಾಯಿತೆಂದು ಇವತ್ತಿಗೂ ಹೇಳಿಲ್ಲ. ಅಲ್ಲಿಂದಾಚೆಗೆ ನನ್ನ ಜೊತೆ ಮಾತೂ ಅಷ್ಟಕ್ಕಷ್ಟೆ ಆಯಿತು.

ಎರಡನೆಯ ಸಪ್ಲೈಯರ್ ಬೆಂಗಳೂರಿನವನು. ಅವನು ಕಳಿಸಿದ ಸ್ಯಾಂಪಲ್ಲು ಅಮೃತದಂತಿತ್ತು. ಆಮೇಲೆ ಬಂದ ಮೂಟೆ ಬಿಚ್ಚಿದರೆ ಒಂದೊಂದು ಪೀಸೂ ಕರವಸ್ತ್ರಕ್ಕಿಂತ ಒಂದು ಗೇಣು ಹೆಚ್ಚು, ಅಷ್ಟೇ. ಶ್ವೇತ ಒಂದನ್ನು ತನ್ನ ಹೆಗಲಿಗೆ ಹಿಡಿದು ನೋಡಿದಳು.

“ಒಂದು ತೋಳಿಗೆ ಆಗುತ್ತೆ ಕಣ್ರೀ. ಇನ್ನೊಂದು ತೋಳಿಗೆ ಯಾವ ಊರಿಗೆ ಆರ್ಡರ್ ಹಾಕ್ತೀರಾ?”

“ಮೋಸಗಾರ! ಇಂಥವನನ್ನು ನಮ್ಮ ಕಾರ್ಖಾನೆಯಲ್ಲಾಗಿದ್ದರೆ…”

“ಇದು ಕಾರ್ಖಾನೆ ಅಲ್ಲ. ಇನ್ನೊಂದ್ಸಲ ಎಡವಟ್ಟು ಮಾಡಿದ್ರೆ ನಮ್ಮ ಮಧೂನ ಕರೆಸಿ ಅವನಿಗೇ ವಹಿಸ್ತೀನಿ ನೋಡಿ.”

ಮಧು ಅಂದರೆ ನನ್ನ ಭಾವಮೈದ ಮಧುಕುಮಾರ್. ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಆ ಹುಡುಗನ ಕೈಕೆಳಗೆ ನಾನು ಟೇಪು ಸುತ್ತುವುದೇ? ಪ್ರಾಣ ಹೋದರೂ ಸಾಧ್ಯವಿಲ್ಲ.

ಹೀಗಿರುವಾಗ ಬಂತು ನೋಡಿ ಜಾನಕಮ್ಮನವರ ಆರ್ಡರು. ನಮ್ಮ ಹಿಂದಿನ ಬೀದಿಯ ನಿವೃತ್ತ ಸ್ಕೂಲ್ ಮೇಡಮ್ಮು, ಭಜನಾ ಮಂಡಳಿಯ ಅಧ್ಯಕ್ಷೆ. ಮೊಮ್ಮಗಳು ಮಾನ್ಯಾಳ ನಿಶ್ಚಿತಾರ್ಥಕ್ಕೆ ನೂರೆಂಟು ಬ್ಲೌಸ್ ಪೀಸು ಬೇಕು, ಒಂದರಂತೆ ಇನ್ನೊಂದು ಇರಬಾರದು. ಅವರು ಮೆಚ್ಚಿದರೆ ಇಡೀ ಮಂಡಳಿ ನಮ್ಮ ಗಿರಾಕಿ. ಮೂಗು ಮುರಿದರೆ ‘ಶ್ವೇತ ಕಲೆಕ್ಷನ್ಸ್’ಗೆ ಬೀಗ. ಅದೇ ವಾರ ಟಿ. ನರಸೀಪುರದ ತವರಿನಲ್ಲಿ ತಂಗಿಯ ಬಾಣಂತನಕ್ಕೆ ಶ್ವೇತ ಹೋಗಲೇಬೇಕಾಯಿತು.

ಬುತ್ತಿ ಕಟ್ಟಲು ಅಡುಗೆಮನೆಗೆ ಹೋದವಳು ಅಲ್ಲಿಂದಲೇ ಕೂಗಿದಳು. “ಅತ್ತೇ, ಈ ಅಡುಗೆಮನೇಲಿ ಕಾಲಿಡೋಕೆ ಜಾಗ ಇಲ್ಲ. ಎಲ್ಲಿಂದ ಬರ್ತವೆ ಇಷ್ಟೊಂದು ಸ್ಟೀಲ್ ಡಬ್ಬ?”

“ಬತ್ತವೆ ಬುಡವ್ವ. ಡಬ್ಬ ಏನು ಅನ್ನ ಕೇಳ್ತವಾ?” ಎಂದಳು ನಮ್ಮಮ್ಮ ಚನ್ನಾಜಮ್ಮ. ಎರಡು ತಾಲ್ಲೂಕಿನಲ್ಲಿ ಎಲ್ಲಿ ಅರಿಶಿನ ಕುಂಕುಮವಾದರೂ ಅಮ್ಮ ಹಾಜರು. ಡಬ್ಬಗಳೂ ಅಲ್ಲಿಂದಲೇ ಬರುತ್ತವೆಂದು ನಾನು ತಿಳಿದಿದ್ದೆ.

ಶ್ವೇತಳನ್ನು ತವರಿಗೆ ಬಿಟ್ಟು ನರಸೀಪುರದ ಬಸ್ ಸ್ಟ್ಯಾಂಡಿಗೆ ನಡೆದು ಬರುವಾಗ ನನ್ನ ಅದೃಷ್ಟ ತೆರೆಯಿತು. ಒಂದು ಪಾತ್ರೆ ಅಂಗಡಿ. ಅದರ ಹಿಂದಿನ ಕೋಣೆಯಲ್ಲಿ ನೆಲದಿಂದ ಸೂರಿನವರೆಗೆ ಬ್ಲೌಸ್ ಪೀಸುಗಳ ರಾಶಿ! ಎಲ್ಲ ಬಣ್ಣ, ಎಲ್ಲ ಅಂಚು, ಒಂದರಂತೆ ಇನ್ನೊಂದಿಲ್ಲ. ಅಂಗಡಿಯವನ ಹೆಸರು ಮಾದೇಶ್. ನಾನು ಕನ್ನಡಕ ಏರಿಸಿ, ಕಾರ್ಖಾನೆಯ ಗತ್ತಿನಲ್ಲಿ ವಿಚಾರಣೆ ಆರಂಭಿಸಿದೆ.

“ಮಾಲು ಎಲ್ಲಿಂದ ಬರುತ್ತಪ್ಪ?”

“ಮನೆಮನೆಯಿಂದ ಬತ್ತದೆ ಸಾ. ಎಂಗಸ್ರು ಕೊಡ್ತಾರೆ.”

ಆಹಾ, ಗೃಹ ಕೈಗಾರಿಕೆ! ಬದನವಾಳಿನಲ್ಲಿ ಹೆಣ್ಣುಮಕ್ಕಳು ಖಾದಿ ನೂಲುವ ಹಾಗೆ ಇಲ್ಲಿಯ ತಾಯಂದಿರು ಸಂಸಾರ ತೂಗಿಸಿಕೊಂಡು ಬ್ಲೌಸ್ ಪೀಸು ನೇಯುತ್ತಾರೆ ಎಂದುಕೊಂಡೆ. ಕಣ್ಣು ಒದ್ದೆಯಾಯಿತು.

“ಸಪ್ಲೈ ಮಧ್ಯದಲ್ಲಿ ನಿಂತುಹೋಗಲ್ಲ ತಾನೇ?”

“ಭೂಮಿ ಮೇಲೆ ಎಂಗಸ್ರು ಇರೋಗಂಟ ನಿಲ್ಲಾಕಿಲ್ಲ ಸಾ. ನಿಮ್ದು ಯಾವೂರು? ನಂಜನಗೂಡಾ? ಅಲ್ಲೊಬ್ರು ಅಜ್ಜಿ ಅವ್ರೆ ಸಾ, ನಮ್ಮ ಮೇನ್ ಪಾರ್ಟಿನೇ ಅವರು. ಬಲೇ ಗಟ್ಟಿಗಿತ್ತಿ. ಚೌಕಾಸಿಗೆ ಕುಂತ್ರೆ ನಾನೇ ಬೆವ್ತೋಯ್ತೀನಿ.”

“ಅಂಥವರಿಗೆ ಸನ್ಮಾನ ಮಾಡಬೇಕಪ್ಪ” ಎಂದೆ, ಮನಸಾರೆ.

ಇನ್ನು ಪರೀಕ್ಷೆ. ಬಣ್ಣ ಗಟ್ಟಿ, ಅಳತೆ ಸರಿ. ನನ್ನ ಹದ್ದಿನ ಕಣ್ಣಿಗೆ ಮಾತ್ರ ಒಂದು ವಿಶೇಷ ಬಿತ್ತು. ಪ್ರತಿ ಪೀಸಿನ ಮೂಲೆಯಲ್ಲೂ ಒಂದು ಹಳದಿ ಬೊಟ್ಟು.

“ಇದೇನು?”

“ಅರಿಶಿನ ಸಾ. ಎಂಗಸ್ರು ಅಚ್ಚಿರ್ತಾರೆ.”

ಚಿನ್ನಕ್ಕೆ ಹಾಲ್‌ಮಾರ್ಕ್ ಇದ್ದ ಹಾಗೆ! ತಪಾಸಣೆ ಮುಗಿಸಿದ ತಾಯಂದಿರು ಒತ್ತುವ ಮುದ್ರೆ! ಕೆಲವಕ್ಕೆ ಒಂದೇ ಬೊಟ್ಟು, ಕೆಲವಕ್ಕೆ ಎರಡು, ಅಲ್ಲೊಂದು ಇಲ್ಲೊಂದಕ್ಕೆ ಮೂರು. ಗ್ರೇಡಿಂಗ್ ಪದ್ಧತಿಯನ್ನು ಯಾರೂ ಹೇಳಿಕೊಡದೆ ನಾನೇ ಗ್ರಹಿಸಿದೆ. ಒಂದು ಬೊಟ್ಟು ಸಾಧಾರಣ, ಎರಡು ಡೀಲಕ್ಸ್, ಮೂರು ಪ್ರೀಮಿಯಂ.

“ನೋಡಪ್ಪ, ನನಗೆ ಮೂರು ಬೊಟ್ಟಿನ ಮಾಲೇ ಹೆಚ್ಚಾಗಿ ಬೇಕು.”

ಮಾದೇಶ್ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಬಲು ಗಂಭೀರವಾಗಿ, “ಮೂರು ಬೊಟ್ಟಿಂದು ರೇಟು ಜಾಸ್ತಿ ಸಾ” ಎಂದ.

“ಪರವಾಗಿಲ್ಲ. ಗುಣಮಟ್ಟಕ್ಕೆ ಬೆಲೆ ಕೊಡದಿದ್ದರೆ ಹೇಗೆ?” ಎಂದೆ. ಪುಣ್ಯಾತ್ಮ ನಾಲ್ಕು ಬೊಟ್ಟಿನದನ್ನೂ ಹುಡುಕಿ ಕೊಟ್ಟ.

ಮನೆಗೆ ಬಂದು ಮಹಡಿಯ ಕೋಣೆಯ ಬಾಗಿಲು ಹಾಕಿಕೊಂಡು ನಾನೇ ಪ್ಯಾಕು ಮಾಡಿದೆ. ಪ್ರತಿ ಕವರಿನ ಮೇಲೂ ‘ಅರಿಶಿನ ಮುದ್ರೆ ಗ್ಯಾರಂಟಿ’ ಎಂದು ಚೀಟಿ ಅಂಟಿಸಿದೆ. ಫೋಟೊ ನೋಡಿದ ಶ್ವೇತ ಫೋನಿನಲ್ಲೇ ಕರಗಿಹೋದಳು.

“ಏನ್ ಕಲರ್ರು ಕಣ್ರೀ! ಯಾರ್ರೀ ಸಪ್ಲೈಯರು?”

“ಬಂದ ಮೇಲೆ ಹೇಳ್ತೀನಿ. ಮಧು ಬೇಕಾ ಈಗ?”

“ಸಾಕು ಸುಮ್ನಿರಿ” ಎಂದಳು ನಗುತ್ತಾ. ಅವಳು ನನ್ನ ಜೊತೆ ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ! ನಾನು ಆ ದಿನವೆಲ್ಲ ಗಾಳಿಯಲ್ಲೇ ನಡೆದಾಡಿದೆ.

ಜಾನಕಮ್ಮನವರಿಗೆ ಮಾಲು ಒಪ್ಪಿಸುವಾಗ ಎಚ್ಚರಿಕೆಯನ್ನೂ ಕೊಟ್ಟೆ. “ಕವರು ಬಿಚ್ಚಬೇಡಿ ಅಮ್ಮಾ, ಸೀಲ್ಡ್ ಪ್ಯಾಕಿಂಗು. ಅರಿಶಿನ ಕೂಡ ಕಂಪನಿಯಿಂದಲೇ ಹಚ್ಚಿ ಬಂದಿದೆ.”

“ಭೇಷ್! ನನಗೆ ಒಂದು ಕೆಲಸ ತಪ್ಪಿತು ನೋಡಿ” ಎಂದು ಅವರು ಹಿಗ್ಗಿದರು.

ನಿಶ್ಚಿತಾರ್ಥದ ದಿನ. ಬೆಳಗಿನ ಬಸ್ಸಿಗೆ ಬಂದಿಳಿದ ಶ್ವೇತ ರೇಷ್ಮೆ ಸೀರೆ ಉಟ್ಟು ನೇರ ಛತ್ರಕ್ಕೇ ಬಂದಳು. ಉಂಗುರ ಬದಲಾಯಿಸಿಯಾಯಿತು, ಊಟವಾಯಿತು, ತಾಂಬೂಲ ಶುರುವಾಯಿತು. ಜಾನಕಮ್ಮ ಒಬ್ಬೊಬ್ಬರಿಗೂ ಕುಂಕುಮವಿಟ್ಟು ಕವರು ಕೊಡುತ್ತಾ, “ನಮ್ಮ ಶ್ವೇತನ ಅಂಗಡೀದು” ಎಂದು ಹೊಗಳುತ್ತಿದ್ದರು. ನಾನು ಬಾಗಿಲ ಹತ್ತಿರ ಬಾದಾಮಿ ಹಾಲಿನ ಲೋಟ ಹಿಡಿದು, ಯಾರಾದರೂ ನನ್ನ ಹೆಸರು ಹೇಳುತ್ತಾರೇನೋ ಎಂದು ಕಾದು ನಿಂತಿದ್ದೆ.

ನಮ್ಮಮ್ಮನಿಗೆ ಒಂದು ಚಾಳಿ. ಕೊಟ್ಟ ಬ್ಲೌಸ್ ಪೀಸನ್ನು ಕೊಟ್ಟ ಜಾಗದಲ್ಲೇ ಬಿಚ್ಚಿ ಮೊಳ ಹಾಕಿ ನೋಡದಿದ್ದರೆ ಉಂಡದ್ದು ಅರಗುವುದಿಲ್ಲ. ಕವರು ಪರ್ರನೆ ಹರಿಯಿತು. ಒಳಗಿದ್ದದ್ದು ಗಿಳಿಹಸಿರು, ಅಂಚಿಗೆ ಕಿತ್ತಳೆ ಬಣ್ಣದ ಆನೆಗಳು, ಮೂಲೆಯಲ್ಲಿ ಮೂರು ಬೊಟ್ಟು. ಅಪ್ಪಟ ಪ್ರೀಮಿಯಂ.

“ಅಯ್ ಶಿವ್ನೇ! ಇದು ನನ್ ರವ್ಕೆ ಕಣ ಅಲ್ವಾ! ಓದ್ ಸೋಮ್ವಾರ ತಾನೆ ಪಾತ್ರೆ ಮಾದೇಶಂಗೆ ಕೊಟ್ಟು ಸಕ್ಕರೆ ಡಬ್ಬ ಈಸ್ಕಂಡೆ!”

ಜಾನಕಮ್ಮ ತಟ್ಟೆ ಕೆಳಗಿಟ್ಟು ಹತ್ತಿರ ಬಂದರು. “ಎಲ್ಲಿ ನೋಡೋಣ… ಚನ್ನಾಜಮ್ಮಾ, ಇದು ಗೌರಿ ಹಬ್ಬಕ್ಕೆ ನಾನು ನಿಮಗೆ ಕೊಟ್ಟಿದ್ದಲ್ವೇ? ಆನೆ ಚೆನ್ನಾಗಿದೆ ಅಂತ ಹತ್ತು ಅಂಗಡಿ ಸುತ್ತಿ ಆರಿಸಿ ತಂದಿದ್ದೆ. ಅದನ್ನ ಡಬ್ಬಕ್ಕೆ ಹಾಕಿದ್ರಾ?”

ಬೇರೆ ಯಾರೇ ಆಗಿದ್ದರೂ ತಲೆ ತಗ್ಗಿಸುತ್ತಿದ್ದರು. ನಮ್ಮಮ್ಮ ಬಟ್ಟೆಯ ಮೂಲೆಯನ್ನು ಅವರ ಕನ್ನಡಕದ ಮುಂದೆ ಹಿಡಿದಳು.

“ಡಬ್ಬಕ್ಕೆ ಆಕೋ ಬಟ್ಟೆಗೆ ಯಾರಾದ್ರೂ ಅರಿಶಿಣ ಅಚ್ತಾರಾ? ನಾ ಅಚ್ಚಿಲ್ಲ. ನೀವು ಕೊಡೋವಾಗ್ಲೇ ಮೂರಿತ್ತು. ಒಂದು ನಿಮ್ದು. ಮಿಕ್ಕಿದ್ದೆರಡು ಯಾರ್ದು ತಾಯಿ?”

ಜಾನಕಮ್ಮನವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದರು. ಅಷ್ಟರಲ್ಲಿ ಮೂಲೆಯಿಂದ ಬ್ಯಾಂಕಿನ ವಾಣಿ ಎದ್ದು ನಿಂತಳು. “ಆನೆ ಅಂಚಿಂದಾ? ಅದು ನಮ್ಮ ಪುಟ್ಟನ ಮುಂಜಿಗೆ ನಾನು ಜಾನಕಮ್ಮೋರಿಗೆ ಕೊಟ್ಟಿದ್ದು!”

“ನಿನಗ್ಯಾರು ಕೊಟ್ಟಿದ್ದು ಹೇಳು ಮತ್ತೆ. ನಾನು!” ಎಂದಿತು ಹಿಂದಿನ ಸಾಲಿನ ಒಂದು ದನಿ.

ಆಮೇಲೆ ನಡೆದದ್ದನ್ನು ಹೇಗೆ ಹೇಳಲಿ? ನೂರೆಂಟು ಕವರುಗಳೂ ಪರ್ರಪರ್ರನೆ ಹರಿದವು. “ಇದು ನಂದು!” “ಅಯ್ಯೋ, ಇದು ನಮ್ಮತ್ತಿಗೆಗೆ ಕೊಟ್ಟಿದ್ದು!” ಗಂಡನ ಹುಟ್ಟುಹಬ್ಬ ಮರೆಯಬಹುದು, ತಾವು ಕೊಟ್ಟ ಬ್ಲೌಸ್ ಪೀಸನ್ನು ಹೆಂಗಸರು ಮರೆಯುವುದಿಲ್ಲವೆಂದು ನನಗೆ ಅವತ್ತು ತಿಳಿಯಿತು. ಒಂದು ನಿಮಿಷ ಕೂಗಾಟ. ಆಮೇಲೆ ಇದ್ದಕ್ಕಿದ್ದಂತೆ ಎಲ್ಲರೂ ಗಪ್‌ಚಿಪ್. ಯಾಕೆಂದರೆ ಬಂದದ್ದನ್ನು ಇನ್ನೊಬ್ಬರಿಗೆ ದಾಟಿಸದವರು ಆ ಛತ್ರದಲ್ಲಿ ಒಬ್ಬರೂ ಇರಲಿಲ್ಲ. ಯಾರು ಯಾರನ್ನು ಬೈಯುವುದು?

ಬೈಯಲು ಒಬ್ಬ ಬೇಕಿತ್ತು. ಎಲ್ಲರೂ ಬಾಗಿಲ ಕಡೆಗೆ ತಿರುಗಿದರು.

“ರೀ,” ಶ್ವೇತ ಹಲ್ಲು ಕಚ್ಚಿಕೊಂಡೇ ಕೇಳಿದಳು, “ಈ ಬೊಟ್ಟು ನಿಮ್ಮ ಕಣ್ಣಿಗೆ ಬೀಳಲೇ ಇಲ್ವಾ?”

“ಬೀಳದೆ ಏನು? ಎಣಿಸಿ ನೋಡಿಯೇ ತಂದಿದ್ದು! ಒಂದು ಬೊಟ್ಟು ಸಾಧಾರಣ, ಎರಡು ಡೀಲಕ್ಸು, ಮೂರು ಪ್ರೀಮಿಯಂ…”

ಮುಂದಿನದು ಯಾರಿಗೂ ಕೇಳಿಸಲಿಲ್ಲ. ಇಡೀ ಛತ್ರವೇ ನಗುತ್ತಿತ್ತು. ಮದುಮಗಳು ಮಾನ್ಯಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ನಗದೆ ಇದ್ದವಳು ಶ್ವೇತ ಒಬ್ಬಳೇ. ಆಟೋದಲ್ಲಿ ಮನೆಗೆ ಬರುವಾಗ ಅವಳ ಕಣ್ಣಲ್ಲಿ ನೀರಿತ್ತು. “ಎಷ್ಟು ಆಸೆಪಟ್ಟು ಶುರು ಮಾಡಿದ್ದೆ” ಎಂದಳು, ಅಷ್ಟೇ. ಮಧು ಬಂದರೂ ಬರಲಿ, ಇವಳ ಅಂಗಡಿ ಉಳಿಯಲಿ ನಂಜುಂಡೇಶ್ವರಾ ಎಂದು ಹರಕೆ ಹೊತ್ತೆ.

ಮಾರನೆಯ ಬೆಳಗ್ಗೆ ಬಾಗಿಲು ತೆರೆದರೆ ಜಾನಕಮ್ಮ! ಕ್ಷಮೆ ಕೇಳಲು ನಾನು ಬಗ್ಗಿದೆ. ಅವರು ನನ್ನನ್ನು ಪಕ್ಕಕ್ಕೆ ಸರಿಸಿ ಒಳಗೆ ಬಂದು ಎರಡು ಉಬ್ಬಿದ ಚೀಲಗಳನ್ನು ಇಳಿಸಿದರು.

“ಶ್ವೇತಾ, ಬೀರು ಬಾಗಿಲು ಹಾಕೋಕೆ ಆಗ್ತಿಲ್ಲ ಕಣಮ್ಮ. ಇವನ್ನೂ ತಗೋ. ಒಂದೇ ಕಂಡೀಷನ್ನು, ಇವು ತಿರುಗಿ ನಮ್ಮ ಬೀದಿಗೆ ಬರಬಾರದು.”

ಹಿಂದೆಯೇ ವಾಣಿ, ಒಂದು ಸೂಟ್‌ಕೇಸಿನೊಂದಿಗೆ. ಮಧ್ಯಾಹ್ನದ ಹೊತ್ತಿಗೆ ಭಜನಾ ಮಂಡಳಿಯೇ ನಮ್ಮ ಜಗಲಿಯ ಮೇಲಿತ್ತು. ಶ್ವೇತ ಕಣ್ಣೊರೆಸಿಕೊಂಡು ಪುಸ್ತಕ ತೆಗೆದಳು. ಅವಳು ಮಾಡಿದ ಕಾನೂನು ಸರಳ. ನಂಜನಗೂಡಿನ ಪೀಸು ನರಸೀಪುರಕ್ಕೆ, ನರಸೀಪುರದ್ದು ನಂಜನಗೂಡಿಗೆ. ನಡುವೆ ಹೊಳೆ ಇದೆಯಲ್ಲ, ಯಾರಿಗೂ ಗುರುತು ಹತ್ತುವುದಿಲ್ಲ.

“ಗಿರಾಕಿಗಳಿಗೆ ಇದು ಹೊಸದು ಅಂತ ಸುಳ್ಳು ಹೇಳ್ತೀಯಾ?” ಎಂದೆ, ನೈತಿಕತೆಯ ಎತ್ತರದಿಂದ.

“ಕೇಳಿದ್ರೆ ನಿಜ ಹೇಳ್ತೀನಿ. ಯಾವ ಹೆಂಗಸೂ ಕೇಳಲ್ಲ.”

ನರಸೀಪುರದ ಕಡೆಯ ವ್ಯವಹಾರ ಮಧುಗೆ ಹೋಯಿತು. ಸಗಟು ಖರೀದಿ ವಿಭಾಗದ ಮುಖ್ಯಸ್ಥೆ ನಮ್ಮಮ್ಮ. ಮಾದೇಶನನ್ನು ಕೈಬಿಟ್ಟು, ತನ್ನ ಮಾಲನ್ನೆಲ್ಲ ಸೊಸೆಗೇ ಕೊಡುತ್ತಾಳೆ. ಅವಳಷ್ಟು ನಂಬಿಕಸ್ಥ ಸಪ್ಲೈಯರ್ ಭೂಮಿಯ ಮೇಲಿಲ್ಲ, ಮಳೆ ಬಂದರೂ ಅರಿಶಿನ ಕುಂಕುಮ ತಪ್ಪಿಸುವುದಿಲ್ಲ. ಮಾಲಿನ ಬಗ್ಗೆ ತಕರಾರು ಎತ್ತಿದರೆ ಮಾತ್ರ ನನಗೆ ಆ ಹೊತ್ತು ಮುದ್ದೆ ಸಿಗುವುದಿಲ್ಲ.

ನನ್ನ ಕೆಲಸವೇ? ಟೇಪು ಸುತ್ತುವ ಹುದ್ದೆಯಾದರೂ ವಾಪಸ್ಸು ಕೊಡು ಎಂದು ಬೇಡಿಕೊಂಡೆ. ಆಗಲಿಲ್ಲ. ಈಗ ಹಿತ್ತಲ ಒಗೆಯುವ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಗ್ರೇಡಿಂಗ್ ಅಳಿಸುತ್ತಿದ್ದೇನೆ. ಈ ಅರಿಶಿನ ಎಂಥ ಹಠಮಾರಿ ಗೊತ್ತೆ? ಸೋಪು ತಾಗಿದ ಕೂಡಲೇ ಹಳದಿ ಬೊಟ್ಟು ಕೆಂಪಾಗಿ ನನ್ನನ್ನೇ ದುರುಗುಟ್ಟಿ ನೋಡುತ್ತದೆ. ಉಜ್ಜಬೇಕು, ಬಿಸಿಲಿಗೆ ಹಾಕಬೇಕು, ಮತ್ತೆ ಉಜ್ಜಬೇಕು. ಗುಲಾಬಿ ಪಂಚೆ ಉಟ್ಟ ಅಪ್ಪ ಜಗಲಿಯಿಂದ ಇದನ್ನೆಲ್ಲ ನೋಡುತ್ತಾ ಕೂತಿರುತ್ತಾರೆ. ಮೊನ್ನೆಯಿಂದ ನನ್ನ ಜೊತೆ ಮಾತಾಡುತ್ತಿದ್ದಾರೆ, ಬಲು ಖುಷಿಯಾಗಿದ್ದಾರೆ.

ಇವತ್ತು ಮೂರು ಸಲ ಒಗೆದು ಹಿಂಡಿ ಹರವಿದ ಗಿಳಿಹಸಿರು ಬಟ್ಟೆಯ ಮೂಲೆಯನ್ನು ಶ್ವೇತ ಬೆಳಕಿಗೆ ಹಿಡಿದು ನೋಡಿದಳು. ಬೋಲ್ಟು ತಿರುಗಿಸಿ ನೋಡುವಾಗ ನಾನು ಮಾಡುವಂತೆಯೇ ಹುಬ್ಬು ಗಂಟಿಕ್ಕಿದಳು. ಆಮೇಲೆ ಅದನ್ನು ಮತ್ತೆ ನನ್ನ ಬಕೆಟ್ಟಿಗೆ ಎಸೆದಳು.

“ಇನ್ನೊಂದ್ಸಲ ಉಜ್ಜಿ. ನಿಮ್ಮ ಪ್ರೀಮಿಯಂ ಇನ್ನೂ ಹೋಗಿಲ್ಲ.”