ನನ್ನ ಕೊಳೆಯನ್ನು ಹಿಂತಿರುಗಿಸುವ ಬಗ್ಗೆ

ಮಾನ್ಯ ಸ್ವಚ್ಛತಾ ಮೇಲ್ವಿಚಾರಕರೇ,

ತಮ್ಮ ಬಕೆಟ್ಟು, ತಮ್ಮ ಬ್ರಷ್ಷು ಮತ್ತು ದಣಿವೆಂಬುದನ್ನೇ ಅರಿಯದ ತಮ್ಮ ಮೊಣಕೈಗಳ ಕ್ಷೇಮವನ್ನು ಮನಸಾರೆ ಹಾರೈಸುತ್ತಾ ಈ ಬಹಿರಂಗ ಪತ್ರವನ್ನು ಬರೆಯುತ್ತಿದ್ದೇನೆ. ವಾಚನಾಲಯದ ಮೇಲಿನ ಮಹಡಿಯಲ್ಲಿ ನಡೆಯುತ್ತಿರುವ ಪುಟ್ಟ ಮಾದರಿಗಳ ಪ್ರದರ್ಶನಕ್ಕೆಂದು ಕಳೆದ ಶನಿವಾರ ಮೇಜು ಸಂಖ್ಯೆ ಹನ್ನೊಂದರ ಮೇಲೆ ಮೂರು ಸೇನಾ ವಾಹನಗಳನ್ನು ಇಟ್ಟುಹೋಗಿ, ಭಾನುವಾರ ಬೆಳಿಗ್ಗೆ ಬಂದು ಅವು ತನ್ನವೇ ಎಂದು ನಂಬಲಾರದೆ ಮೇಜಿನ ಸಂಖ್ಯೆಯನ್ನು ಎರಡೆರಡು ಸಲ ಓದಿಕೊಂಡ ಬಡಪಾಯಿ ನಾನೇ.

ಹೊಟ್ಟೆಪಾಡಿಗೆ ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತೇನೆ. ಹಗಲಿಡೀ ಒಂದು ಕಣ ಧೂಳೂ ಕೂರದಂತೆ ನೋಡಿಕೊಳ್ಳುವುದೇ ನನ್ನ ಉದ್ಯೋಗವಾದ್ದರಿಂದಲೋ ಏನೋ, ಸಂಜೆ ಮನೆಗೆ ಬಂದು ಗೇಣುದ್ದದ ಪ್ಲಾಸ್ಟಿಕ್ ವಾಹನಗಳಿಗೆ ಶ್ರದ್ಧೆಯಿಂದ ಧೂಳು ಕೂರಿಸುತ್ತೇನೆ. ಡಬ್ಬಿಯಿಂದ ತೆಗೆದಾಗ ಆಟಿಕೆಯಂತೆ ಫಳಫಳ ಎನ್ನುವ ಟ್ರಕ್ಕು ನಿಜವಾಗಿ ನೂರಾರು ಮೈಲಿ ಅಲೆದು ಬಂದಂತೆ ಕಾಣಬೇಕಾದರೆ ಅದಕ್ಕೆ ತುಕ್ಕು ಹಿಡಿಸಬೇಕು, ಬಣ್ಣ ಕೆರೆಯಬೇಕು, ಎಣ್ಣೆ ಸೋರಿಸಬೇಕು, ಕೆಸರು ಮೆತ್ತಬೇಕು. ನಮ್ಮ ಬಳಗದವರು ಇದನ್ನು ವೆದರಿಂಗ್ ಎನ್ನುತ್ತಾರೆ. ನನ್ನ ಹೆಂಡತಿ ಮಾತ್ರ, ನಾನು ಅವಳ ಚಹಾ ಸೋಸುವ ಜಾಲರಿಯಲ್ಲಿ ಹಿತ್ತಲ ಮಣ್ಣನ್ನು ಮೂರನೇ ಸಲ ಸೋಸುತ್ತಿದ್ದುದನ್ನು ಕಂಡು, ಮನೆಗೆ ಕೊಳೆ ತರೋರನ್ನ ನೋಡಿದ್ದೀನಿ, ಕೊಳೇನ ಜರಡಿ ಹಿಡಿಯೋರನ್ನ ಈಗಲೇ ನೋಡಿದ್ದು ಎಂದಳು. ಅವಳ ಹೊಸ ಜಾಲರಿ ಈಗ ಬೀರುವಿನಲ್ಲಿ ಬೀಗದೊಳಗಿದೆ.

ಈ ಸಲದ ಟ್ರಕ್ಕು ಯಾರದೋ ಟ್ರಕ್ಕಲ್ಲ ಎಂಬುದನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ. ಅದು ನಮ್ಮಣ್ಣ ಸೇನೆಯಲ್ಲಿ ಹದಿನಾರು ವರ್ಷ ಓಡಿಸಿದ ಟ್ರಕ್ಕು. ಅಣ್ಣ ಈಗ ಬೇರೆ ಊರಿನ ಡ್ರೈವಿಂಗ್ ಶಾಲೆಯೊಂದರಲ್ಲಿ ಪಾಠ ಹೇಳುತ್ತಾನೆ. ಸೇನೆ ಬಿಟ್ಟು ಬಂದ ಮೇಲೆ ಆ ಕಾಲದ ಬಗ್ಗೆ ನಮ್ಮ ಹತ್ತಿರ ತುಟಿ ಬಿಚ್ಚಿದವನಲ್ಲ. ನಾವೂ ಕೇಳಿ ಕೇಳಿ ಸುಮ್ಮನಾಗಿದ್ದೆವು. ಅಂಥವನು, ಕೆಸರು ಯಾವ ಚಕ್ರಕ್ಕೆ ಹೆಚ್ಚು ಮೆತ್ತಿಕೊಳ್ಳುತ್ತಿತ್ತು ಎಂದು ನಾನು ಫೋನಿನಲ್ಲಿ ಕೇಳಿದ ದಿನ ಮುಕ್ಕಾಲು ಗಂಟೆ ಮಾತಾಡಿದ. ಆಮೇಲೆ ಒಂಬತ್ತು ತಿಂಗಳು, ವಾರಕ್ಕೊಮ್ಮೆ ಅವನೇ ಫೋನ್ ಮಾಡಿದ. ಎಡಗಡೆ ವೈಪರ್ ಕೆಟ್ಟಿತ್ತು, ಆ ಕಡೆಯ ಗಾಜಿನ ಧೂಳು ಹಾಗೇ ಇರಲಿ ಎಂದ. ಡೀಸೆಲ್ ಮುಚ್ಚಳದ ಕೆಳಗೆ ಒಂದೇ ಒಂದು ಕಲೆ ಸಾಕು, ನಾನೇನು ಕಣ್ಣು ಮುಚ್ಕೊಂಡು ತುಂಬಿಸ್ತಿದ್ನಾ ಎಂದು ಗದರಿದ. ಅವನು ಹೇಳಿದ್ದಷ್ಟನ್ನೂ ಹೇಳಿದ ಜಾಗದಲ್ಲೇ ಮೆತ್ತಿದೆ. ಭಾನುವಾರ ಹನ್ನೊಂದರ ಬಸ್ಸಿಗೆ ಅವನು ನೋಡಲು ಬರುವವನಿದ್ದ. ನನಗೆ ಬಹುಮಾನದ ಆಸೆ ಇರಲಿಲ್ಲವೆಂದರೆ ಸುಳ್ಳಾದೀತು, ಆದರೆ ಅಣ್ಣ ಅದನ್ನು ನೋಡಿ, ಹೌದು ಕಣೋ, ಇದು ನಂದೇ ಅನ್ನಲಿ ಎಂಬ ಆಸೆ ಅದಕ್ಕಿಂತ ದೊಡ್ಡದಾಗಿತ್ತು.

ಹೀಗಿರಲಾಗಿ ಶನಿವಾರ ಸಂಜೆ ತಾವು ಮೇಲಿನ ಮಹಡಿಗೆ ದಯಮಾಡಿಸಿದಿರಿ. ಒಂಬತ್ತು ತಿಂಗಳ ದುಡಿಮೆ ಒಂದೇ ಸಂಜೆಯಲ್ಲಿ ಅಕ್ಷರಶಃ ನೀರುಪಾಲಾಗುವಂತೆ ನೋಡಿಕೊಂಡ ತಮ್ಮ ದಕ್ಷತೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಸೋಪಿನ ನೊರೆ, ಹಳೆಯ ಹಲ್ಲುಜ್ಜುವ ಬ್ರಷ್ಷು, ಸಂದಿಗಳಿಗೆ ಹತ್ತಿ ಸುತ್ತಿದ ಕಡ್ಡಿ, ಜಗ್ಗದ ತುಕ್ಕಿಗೆ ಸೀಮೆಎಣ್ಣೆಯ ಬಟ್ಟೆ, ಹೀಗೆ ತಾವು ಯಾವುದರಲ್ಲೂ ಕೊರತೆ ಮಾಡಿಲ್ಲ. ನಾನು ಬಣ್ಣ ಕೆರೆದಿದ್ದ ಕಡೆಗಳಿಗೆ ವಾಚನಾಲಯದ ಕಿಟಕಿ ಸರಳುಗಳಿಗೆ ಬಳಿದು ಉಳಿದಿದ್ದ ಹಸಿರನ್ನೇ ತಂದು ಹಚ್ಚಿದ್ದೀರಿ. ನೀರಿನ ಟ್ಯಾಂಕರಿನ ಮೇಲೆ ನೀರು ಸೋರಿದ ಗುರುತುಗಳನ್ನು ನೀರಿನಿಂದಲೇ ತೆಗೆದಿದ್ದೀರಿ. ಮಳೆಗೆ ಕಿತ್ತುಹೋದ ದಾರಿಯ ತಿರುವೊಂದನ್ನು ನಾನು ವಾಹನಗಳ ಕೆಳಗಿನ ಹಲಗೆಯ ಮೇಲೆ ಕಟ್ಟಿದ್ದರೆ, ತಾವು ಅದನ್ನೂ ಗುಡಿಸಿ, ಚಕ್ರದ ಜಾಡಿನಲ್ಲಿ ಕೊಳೆಯುತ್ತಿದ್ದ ಎಲೆಗಳನ್ನು ಒಂದೊಂದಾಗಿ ಹೆಕ್ಕಿ ಮೂಲೆಯಲ್ಲಿ ಗುಡ್ಡೆ ಹಾಕಿದ್ದೀರಿ. ಜೀಪಿನ ಚಾಲಕನ ಗೊಂಬೆಯ ಮುಖ ತೊಳೆದದ್ದರಿಂದ ಅವನ ಮೂರು ದಿನದ ಗಡ್ಡ ಹೋಗಿ, ಈಗ ಮದುವೆಗೆ ಹೊರಟವನ ಹಾಗೆ ಕೂತಿದ್ದಾನೆ. ತೀರ್ಪುಗಾರರು ನನ್ನ ಹಲಗೆಯನ್ನು ಹೊಸದಾಗಿ ಕಲಿಯುವವರ ಮೇಜಿಗೆ ಸಾಗಿಸಿ, ‘ಬಣ್ಣ ಶುಚಿಯಾಗಿದೆ, ಮುಂದೆ ಕೊಳೆ ಮಾಡುವುದನ್ನೂ ಕಲಿಯಲಿ’ ಎಂದು ಚೀಟಿ ಅಂಟಿಸಿದ್ದಾರೆ.

ನ್ಯಾಯವಾಗಿ ಹೇಳಬೇಕೆಂದರೆ ಇದರಲ್ಲಿ ನನ್ನದೂ ಒಂದು ಪಾಲಿದೆ. ಪ್ರವೇಶದ ಅರ್ಜಿಯಲ್ಲಿ ‘ಷರಾ’ ಎಂಬಲ್ಲಿ, ತೀರ್ಪುಗಾರರು ಓದುತ್ತಾರೆಂಬ ಭರವಸೆಯಿಂದ ನಾನು ಹೀಗೆ ಬರೆದಿದ್ದೆ: ‘ಕೊಳೆ ವಿಪರೀತವಾಗಿದೆ. ತಳಭಾಗವನ್ನೂ ತಪ್ಪದೆ ಗಮನಿಸಬೇಕಾಗಿ ವಿನಂತಿ.’ ನಮ್ಮ ಬಳಗದಲ್ಲಿ ಇದು ಹೆಮ್ಮೆಯ ಮಾತು. ನಿಮ್ಮ ಗಾಡಿ ಗಬ್ಬೆದ್ದು ಹೋಗಿದೆ ಎಂದು ಯಾರಾದರೂ ಹೇಳಿದರೆ ನಾವು ಎದ್ದು ಕೈಕುಲುಕುತ್ತೇವೆ. ಅರ್ಜಿಯ ಒಂದು ಪ್ರತಿ ತಮ್ಮ ಮೇಜಿಗೂ ಬರುತ್ತದೆಂದು ನನಗೆ ತಿಳಿದಿರಲಿಲ್ಲ. ನಮ್ಮ ರಸ್ತೆಯ ಚರಂಡಿಯ ಬಗ್ಗೆ ಹನ್ನೆರಡು ವರ್ಷಗಳಿಂದ ನಾನು ಬರೆದ ಅರ್ಜಿಗಳನ್ನು ಯಾವ ಕಚೇರಿಯ ಯಾರೂ ಓದಿದ ಲಕ್ಷಣವಿಲ್ಲ. ನನ್ನ ಆಯುಷ್ಯದಲ್ಲಿ ಇದೊಂದನ್ನು ತಾವು ಬಂದ ದಿನವೇ ಓದಿ, ಅದೇ ದಿನ ತಳಭಾಗವನ್ನೂ ತಪ್ಪದೆ ಗಮನಿಸಿ, ದೂರುಗಳ ಪುಸ್ತಕದಲ್ಲಿ ‘ದೂರು ನಿವಾರಿಸಲಾಗಿದೆ’ ಎಂದು ಬರೆದು ಸಹಿ ಮಾಡಿದ್ದೀರಿ.

ಇಂಥ ದಕ್ಷರಿಗೆ ಅಸಾಧ್ಯವೆಂಬುದು ಇರಲಾರದೆಂದು ನಂಬಿ ಕೇಳಿಕೊಳ್ಳುತ್ತೇನೆ. ಬಕೆಟ್ಟಿನ ನೀರನ್ನು ಹಿಂಬದಿಯ ಮೋರಿಗೆ ಚೆಲ್ಲಿದ್ದಾಗಿ ತಮ್ಮ ಸಿಬ್ಬಂದಿ ತಿಳಿಸಿದ್ದಾರೆ. ದಯಮಾಡಿ ಆ ಮೋರಿ ಹೋದ ದಾರಿಯಲ್ಲೇ ಹೋಗಿ ನನ್ನ ಕೆಸರನ್ನು ಹುಡುಕಿಸಬೇಕು. ಊರಿನ ಕೆಸರಿನೊಂದಿಗೆ ಅದು ಬೆರೆತಿರಬಹುದಾದರೂ, ನನ್ನದು ನನ್ನ ವಾಹನಗಳಂತೆಯೇ ಅಸಲಿನ ಮೂವತ್ತೈದನೇ ಒಂದು ಅಳತೆಯದಾದ್ದರಿಂದ ಗುರುತು ಸುಲಭ. ತುಕ್ಕು, ಕೆಸರು, ಧೂಳುಗಳನ್ನು ಬೇರೆ ಬೇರೆ ಪೊಟ್ಟಣ ಕಟ್ಟಿಸಿ ಕಳಿಸಿದರೆ ಉಪಕಾರವಾಗುತ್ತದೆ. ಅಷ್ಟು ಆಗದ ಪಕ್ಷದಲ್ಲಿ, ಸದರಿ ವಾಹನಗಳು ಶನಿವಾರ ಸಂಜೆ ಐದು ಗಂಟೆಯವರೆಗೆ ನೋಡಲಾಗದಷ್ಟು ಕೊಳಕಾಗಿದ್ದವೆಂದು ಮುದ್ರೆ ಒತ್ತಿದ ಪ್ರಮಾಣಪತ್ರವನ್ನಾದರೂ ದಯಪಾಲಿಸಬೇಕು. ಗೊಂಬೆಯ ಗಡ್ಡ ಬೆಳೆಯುವವರೆಗೆ ಕಾಯಲು ನಾನು ಸಿದ್ಧನಿದ್ದೇನೆ.

ಇನ್ನು ಅಣ್ಣನ ವಿಷಯ. ಹೇಳಿದಂತೆ ಹನ್ನೊಂದರ ಬಸ್ಸಿಗೆ ಬಂದ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಮೆಟ್ಟಿಲ ಬಳಿಯೇ ತಡೆದು ನಡೆದದ್ದನ್ನು ಹೇಳಬೇಕೆಂದಿದ್ದೆ, ಅದರ ಬದಲು ಅವನ ಚೀಲ ಇಸಿದುಕೊಂಡು ಮೇಲೆ ಕರೆದೊಯ್ದೆ. ಅವನು ಟ್ರಕ್ಕಿನ ಮುಂದೆ ನಿಂತು ಕನ್ನಡಕ ಏರಿಸಿಕೊಂಡ. ಬಗ್ಗಿ, ಮುಂದಿನ ಮಡ್‌ಗಾರ್ಡಿನ ಒಳಗೆ ಕಿರುಬೆರಳ ತುದಿ ಆಡಿಸಿ, ಬೆರಳನ್ನು ಬೆಳಕಿಗೆ ಹಿಡಿದು ನೋಡಿದ. ಏನೂ ಅಂಟಿರಲಿಲ್ಲ. ಮತ್ತೆ ತೊಳೆದುಬಿಟ್ರಾ, ಎಂದ.

ಸೇನೆ ಬಿಡುವ ದಿನ ವಾಹನವನ್ನು ಶುಚಿ ಮಾಡಿ ಒಪ್ಪಿಸಬೇಕಂತೆ. ಅಣ್ಣ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಒಬ್ಬನೇ ತೊಳೆದನಂತೆ. ವಶಕ್ಕೆ ತೆಗೆದುಕೊಳ್ಳುವ ಗುಮಾಸ್ತ ಬಂದು, ಮಡ್‌ಗಾರ್ಡಿನ ಒಳಗೆ ಹೀಗೆಯೇ ಬೆರಳಾಡಿಸಿ, ಬೆರಳು ನೋಡಿ, ಸರಿ ಎಂದು ಸಹಿ ಹಾಕಿ ಹೋದನಂತೆ. ಹದಿನಾರು ವರ್ಷ ಓಡ್ಸಿದ್ದೆ ಕಣೋ, ಅದರಲ್ಲಿ ನಾನಿದ್ದೆ ಅನ್ನೋಕೆ ಒಂದು ಚುಕ್ಕೆ ಮಣ್ಣೂ ಉಳಿಸಿರಲಿಲ್ಲ ಎಂದ. ತಾನು ಅಂದು ತೊಳೆದ ಮಣ್ಣನ್ನೇ ಈ ಒಂಬತ್ತು ತಿಂಗಳು ಫೋನಿನಲ್ಲಿ ಚಿಟಿಕೆ ಚಿಟಿಕೆಯಾಗಿ ನನ್ನ ಕೈಯಿಂದ ವಾಪಸು ಹಾಕಿಸುತ್ತಿದ್ದನೆಂದು ನನಗೆ ಆಗ ಹೊಳೆಯಿತು. ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ತಾವು ಪಾಪ, ಕನಿಕರಪಟ್ಟು ಲೋಟದಲ್ಲಿ ನೀರು ತಂದದ್ದು ಆಗಲೇ. ನೀರನ್ನು ಕಂಡು ನಾನು ಹಾಗೇಕೆ ಕಿರುಚಿಕೊಂಡೆನೆಂದು ಈಗ ತಮಗೆ ತಿಳಿದಿರಬಹುದು.

ಅಣ್ಣ ಅಂದು ಸಂಜೆಯೇ ಊರಿಗೆ ಹೊರಡಬೇಕಿತ್ತು. ಹೊರಡಲಿಲ್ಲ. ಟ್ರಕ್ಕನ್ನು ಕಂಕುಳಲ್ಲಿ ಇರುಕಿಕೊಂಡು ಮನೆಗೆ ಬಂದು, ಊಟದ ಮೇಜಿನ ಮೇಲಿಟ್ಟು, ಎಲ್ಲೋ ನಿನ್ನ ಮಣ್ಣು ಎಂದ. ಇಂದು ಗುರುವಾರ, ಇನ್ನೂ ಎದ್ದಿಲ್ಲ. ನಾವು ನಿಂತುಕೊಂಡೇ ಊಟ ಮಾಡುತ್ತಿದ್ದೇವೆ. ಒಂದೊಂದು ಕಡೆ ಕೆಸರು ಹಚ್ಚುವಾಗಲೂ ಅದು ಯಾವ ದಾರಿಯದು, ಪಕ್ಕದಲ್ಲಿ ಯಾರು ಕೂತಿದ್ದರು, ಎಲ್ಲಿ ಹೂತುಕೊಂಡು ಎಷ್ಟು ಹೊತ್ತು ನಿಂತಿದ್ದರು ಎಂದು ಹೇಳುತ್ತಾನೆ, ಹೆಂಡತಿ ಕೈಕೆಲಸ ಬಿಟ್ಟು ಕೇಳುತ್ತಾಳೆ. ನಮ್ಮ ಕಲೆಯ ದೃಷ್ಟಿಯಿಂದ ನೋಡಿದರೆ ಇದೊಂದು ಅನಾಹುತ. ಅಣ್ಣನ ಬೆರಳು ದಪ್ಪ, ಅಳತೆಯ ಗೊಡವೆಯೇ ಅವನಿಗಿಲ್ಲ, ಚಕ್ರಗಳು ಕಾಣದಷ್ಟು ಮಣ್ಣು ಮೆತ್ತಿದ್ದಾನೆ. ಯಾವ ತೀರ್ಪುಗಾರರೂ ಇದನ್ನು ಒಪ್ಪುವುದಿಲ್ಲ. ನಾನು ಈವರೆಗೆ ಬಾಯಿ ತೆರೆದಿಲ್ಲ.

ಹೀಗಾಗಿ ತಮ್ಮ ಮೇಲಿನ ದೂರನ್ನು ಮುಂದುವರಿಸಬೇಕೋ, ತಮಗೆ ಕೈಮುಗಿಯಬೇಕೋ ಗೊತ್ತಾಗದೆ ಎರಡನ್ನೂ ಒಂದೇ ಲಕೋಟೆಯಲ್ಲಿ ಸಲ್ಲಿಸಿದ್ದೇನೆ. ಕಡತದಲ್ಲಿ ಜಾಗವಿದ್ದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಮರೆತುಬಿಡಬೇಕಾಗಿ ಕೋರುತ್ತೇನೆ.

ಇನ್ನೂ ತಮ್ಮ ಬ್ರಷ್ಷಿಗೆ ಸಿಕ್ಕದಿರುವ,
ತಮ್ಮ ವಿಶ್ವಾಸಿ,
ಮೇಜು ಸಂಖ್ಯೆ ಹನ್ನೊಂದರವನು

ಸಹಿ ಹಾಕಿದ ಮೇಲೆ ನೆನಪಾದದ್ದು: ನಾಡಿದ್ದು ಶನಿವಾರ ಟ್ರಕ್ಕು ಮತ್ತೆ ಪ್ರದರ್ಶನಕ್ಕೆ ಬರುತ್ತದೆ. ಬಾಗಿಲು ತೆರೆದಾಗಿನಿಂದ ಮುಚ್ಚುವವರೆಗೆ ಅಣ್ಣ ಅದರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಾನಂತೆ. ಮೇಲಿನ ದರ್ಜೆಯವರ ಲಿಖಿತ ಆದೇಶವಿಲ್ಲದೆ ಜಾಗ ಬಿಟ್ಟು ಏಳುವ ಅಭ್ಯಾಸ ಅವನಿಗಿಲ್ಲ. ಬಕೆಟ್ಟು ಹಿಡಿದು ಮಹಡಿ ಹತ್ತುವ ಮೊದಲು ತಮ್ಮ ದರ್ಜೆ ಯಾವುದೆಂದು ವಿಚಾರಿಸಿಕೊಂಡು ಬರುವುದು ಕ್ಷೇಮ. ಅವನ ಹತ್ತೂ ಬೆರಳುಗಳ ಉಗುರುಸಂದಿಯಲ್ಲಿ ಮಣ್ಣು ಕಪ್ಪಗೆ ಕೂತಿದೆ. ಅದೂ ಪ್ರದರ್ಶನಕ್ಕೆ ಇಟ್ಟದ್ದೇ, ದಯವಿಟ್ಟು ಮುಟ್ಟಬಾರದು.