ಮಾವನ ಕಣ್ಣಿನ ಪಸೆ

ನಮ್ಮ ಸೋದರಮಾವನ ಕಣ್ಣಲ್ಲಿ ನೀರಿಲ್ಲ. ಇದು ಬೈಗುಳವಲ್ಲ, ರಾಯಚೂರಿನ ಕಣ್ಣಿನ ಡಾಕ್ಟರು ಚೀಟಿಯ ಮೇಲೆ ಬರೆದುಕೊಟ್ಟ ಮಾತು! ಬೈಗುಳವಾಗಿ ಅದನ್ನು ಮೊದಲೇ ಹೇಳಿದವಳು ದೇವದುರ್ಗದ ದೊಡ್ಡವ್ವ. ಸ್ವಂತ ಅಕ್ಕ, ಅಂದರೆ ನಮ್ಮವ್ವ, ತೀರಿಕೊಂಡ ದಿನವೂ ಈ ಮನುಷ್ಯ ಒಂದು ಹನಿ ಹಾಕಲಿಲ್ಲವೆಂದು ಇವತ್ತಿಗೂ ಆಡಿ ತೋರಿಸುತ್ತಾಳೆ.

ಮಾವನಿಗೆ ಕೆಲಸ ಹತ್ತಿ ಮಿಲ್ಲಿನಲ್ಲಿ. ಜೀವ ಮಾತ್ರ ಬಯಲಾಟದಲ್ಲಿ. ಹುಟ್ಟೂರು ಚೀಕಲಪರ್ವಿಯ ಆಟದಲ್ಲಿ ಸೇನಾಪತಿಯ ವೇಷ ಇಪ್ಪತ್ತು ವರ್ಷದಿಂದ ಅವರದೇ. ಸೇನಾಪತಿ ಕನ್ನಡಕ ಹಾಕಿದರೆ ಜನ ನಗುವುದಿಲ್ಲವೇ? ಹೋದ ವರ್ಷ ತೆಗೆದಿಟ್ಟು ಕುಣಿದರು. ಗದೆ ಶತ್ರುವನ್ನು ಬಿಟ್ಟು ಹಾರ್ಮೋನಿಯಂ ಮೇಲೆ ಬಿತ್ತು! ಮರುವಾರವೇ ಕಾಂಟ್ಯಾಕ್ಟ್ ಲೆನ್ಸ್ ಬಂತು.

ಬಂದದ್ದೇ ತಡ, ಮಲಗುವವರೆಗೂ ತೆಗೆಯಲೊಲ್ಲರು. ಹತ್ತಿಯ ದೂಳಿನಲ್ಲೂ ಅದೇ. ಕಣ್ಣು ಕೆಂಪಾಗಿ, ಮರಳು ಬಿದ್ದಂತೆ ಚುಚ್ಚತೊಡಗಿತು. ಡಾಕ್ಟರು ಕೆಳರೆಪ್ಪೆಯೊಳಗೆ ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಕೂರಿಸಿದರು. ಪಟ್ಟಿ ತೊಯ್ಯಲೇ ಇಲ್ಲ.

"ಕಣ್ಣಿನ ಮ್ಯಾಲ ಕಣ್ಣೀರಿಂದು ತೆಳ್ಳನ ಪದರ ಇರ್ತದ್ರಿ. ಅದು ಆರಬಾರ್ದಂತ ಮ್ಯಾಲ ಎಣ್ಣಿ ಪಸಿ. ಲೆನ್ಸ್ ನಡುವ ಕುಂತು ಪದರ ಒಡೀತದ, ನೀರು ಲಗೂನ ಆರ್ತದ" ಎಂದರು ಡಾಕ್ಟರು.

"ಹಂಗಾದ್ರ ಎರಡು ಹನಿ ಶೇಂಗಾ ಎಣ್ಣಿ ಬಿಡ್ಲೇನ್ರಿ ಸಾಹೇಬ್ರ?"

"ಕಣ್ಣದು, ಬಾಣಲಿ ಅಲ್ಲ! ಎರಡು ತಿಂಗಳು ಲೆನ್ಸ್ ಬಂದ್. ಆಮ್ಯಾಲ ಕಾಗದ ತೊಯ್ದ್ರ ನೋಡೂಣು."

ಆಟಕ್ಕೆ ಉಳಿದದ್ದು ಒಂದೇ ತಿಂಗಳು! ಮಾವ ನಾಲ್ಕು ಪಟ್ಟಿ ಬೇಡಿ ತಂದು ಕಿಸೆಯಲ್ಲಿಟ್ಟುಕೊಂಡರು. ಅಲ್ಲಿಂದ ಲೋಕದ ಕಣ್ಣೆಲ್ಲ ಅವರ ಪಾಲಿಗೆ ಪ್ರಯೋಗಶಾಲೆ. ಮಾನ್ವಿ ಬಸ್ಸಿನಲ್ಲಿ ಎದುರು ಕೂತವನನ್ನೇ ದಿಟ್ಟಿಸಿ, ಅವನು ರೆಪ್ಪೆ ಬಡಿಯುವವರೆಗೆ ಎಣಿಸುತ್ತಿದ್ದರು.

"ಏನ್ರೀ, ಹಂಗ ನೋಡಾಕತ್ತೀರಿ?"

"ನಿಮ್ಮ ಕಣ್ಣೀರು ಎಷ್ಟೊತ್ತಿಗೆ ಆರ್ತದಂತ ನೋಡಾಕತ್ತೀನ್ರಿ."

"ನಾ ಯಾಕ ಅಳಲಿ? ತಲಿ ಗಿಲಿ ಕೆಟ್ಟದೇನು!" ಅವನು ಎದ್ದು ಹೋಗಿ ಡ್ರೈವರನ ಹಿಂದೆ ಕೂತ.

ಹದಿನೈದು ದಿನ ಕಳೆದರೂ ಕಾಗದ ಒಣಒಣ. ಕೊನೆಗೆ ಆಟ ಕಲಿಸುವ ಮಾಸ್ತರರು, "ಈ ಸಲ ಕುರುಡ ರಾಜನ ಪಾತ್ರ ಮಾಡ್ರಿ. ಕುರುಡಗ ಲೆನ್ಸ್ ಯಾಕ ಬೇಕು?" ಎಂದುಬಿಟ್ಟರು. ಸೇನಾಪತಿ ಹೋಗಿ ಕುರ್ಚಿಯ ಮೇಲೆ ಕೂರುವುದೆಂದರೆ! ಮಾವ ಎರಡು ದಿನ ಗದೆ ಮಗ್ಗುಲಲ್ಲಿಟ್ಟುಕೊಂಡೇ ಮಲಗಿ, ಮೂರನೆಯ ದಿನ ಒಪ್ಪಿದರು.

ಭಾನುವಾರ ಮಧ್ಯಾಹ್ನ ಊರಲ್ಲಿ ತಾಲೀಮು. ನಾನು ರಾಜನ ಮಗ. ಯುದ್ಧಕ್ಕೆ ಹೊರಡುವ ಮುನ್ನ ಕುರುಡ ತಂದೆ ನನ್ನ ಮುಖ ಸವರಬೇಕು. ಮಾವ ಕಣ್ಣು ಮುಚ್ಚಿ ಸವರಿದರು. ಹಣೆಯಿಂದ ಇಳಿದ ಕೈ ಮೂಗಿನ ಮೇಲೆ ನಿಂತುಬಿಟ್ಟಿತು.

"ಮಾವಾ, ಮಾತು ಮರೆತ್ರೇನು?" ಎಂದು ಪಿಸುಗುಟ್ಟಿದೆ.

"ಮೂಗು ಥೇಟ್ ಅಕ್ಕಂದಲೇ" ಎಂದರು.

ಮುಚ್ಚಿದ ರೆಪ್ಪೆಯಿಂದ ನೀರು ಇಳಿದು ಮೀಸೆ ತೊಯ್ದಿತು. ಪಟ್ಟಿ ನೆನಪಾಗಿ ಅವರ ಕಿಸೆಗೆ ಕೈ ಹಾಕಿದೆ. ಮಾವ ನನ್ನ ಕೈ ಹಿಡಿದುಕೊಂಡರು.

"ಬ್ಯಾಡ ಬಿಡಲೇ. ಇದು ಡಾಕ್ಟರಿಗೆ ತೋರ್ಸೂದಲ್ಲ."

ನನಗೂ ಅಳು ತಡೆಯಲಾಗಲಿಲ್ಲ. ಮಾಸ್ತರರು ಏನಾಯಿತೆಂದು ಓಡಿಬಂದರೆ, ಮಾವ ಕಣ್ಣು ತೆರೆಯದೆಯೇ ಹೇಳಿದರು: "ಸೇನಾಪತಿ ಯಾರಿಗರ ಕೊಡ್ರಿ. ನನಗ ಇನ್ನ ಮುಂದ ಇದ ಪಾತ್ರ ಇರ್ಲಿ."